ಎದೆಯ ಫೋಟೋದಲ್ಲಿ ಕಂಡ ಗಂಟು

ರಾಯಚೂರು ಜಿಲ್ಲೆಯ ಗಬ್ಬೂರಿನ ಕಡೆಯವರಿಗೆ ಎದೆಯೊಳಗೊಂದು ಗಂಟಿದೆ ಎಂಬುದು ಗೊತ್ತಾಗುವುದು ಬಹುಮಟ್ಟಿಗೆ ಬೇರೆ ಯಾವುದೋ ಕಾರಣಕ್ಕೆ ದವಾಖಾನೆಗೆ ಹೋದಾಗ. ಹರ್ನಿಯಾ ಆಪರೇಷನ್ನಿಗೆ ಮೊದಲು ಒಂದು ಎಕ್ಸ್‌ರೇ ಬೇಕು ಅಂದಿರುತ್ತಾರೆ. ಟ್ರ್ಯಾಕ್ಟರಿನಿಂದ ಬಿದ್ದವರಿಗೆ ಪಕ್ಕೆಲುಬು ಮುರಿದಿದೆಯೋ ನೋಡೋಣ ಎಂದು ಬರೆದುಕೊಟ್ಟಿರುತ್ತಾರೆ. ಎರಡು ವಾರ ದಾಟಿದ ಕೆಮ್ಮಿಗೆ ಟಿಬಿ ಇರಬಹುದೆಂದು ತೆಗೆಸಿರುತ್ತಾರೆ. ಫೋಟೋವನ್ನು ಬೆಳಕಿಗೆ ಹಿಡಿದರೆ ಶ್ವಾಸಕೋಶದ ಕಪ್ಪಿನ ನಡುವೆ ದುಂಡನೆಯ ಬಿಳಿ ಚುಕ್ಕೆ. ಅಲ್ಲಿಂದ ಮುಂದೆ ಮನೆಯಲ್ಲಿ ಎರಡೇ ಹೆಸರು ಓಡಾಡುತ್ತವೆ, ಒಂದು ಕ್ಯಾನ್ಸರ್, ಇನ್ನೊಂದು ಟಿಬಿ.

ಮೂರನೆಯ ಸಾಧ್ಯತೆಯೂ ಇದೆ. ಕ್ಯಾನ್ಸರ್ ಅಲ್ಲದ, ಬೇರೆ ಅಂಗಕ್ಕೆ ಹರಡದ, ನಿಧಾನವಾಗಿ ಬೆಳೆಯುವ ಗಡ್ಡೆಗಳು ಎದೆಯ ಗೂಡಿನಲ್ಲಿ ಹಲವು ಬಗೆಯವಿವೆ. ದೊಡ್ಡವರಲ್ಲಿ ಇವು ಅಪರೂಪ. ಆದರೆ ಇವುಗಳಲ್ಲಿ ಹಲವನ್ನು ದೇಹಕ್ಕೆ ಕತ್ತಿ ತಾಗಿಸದೆ ಚಿತ್ರದಿಂದಲೇ ಗುರುತಿಸಬಹುದು. ಹಾಗೆ ಗುರುತಿಸಲು ವೈದ್ಯರು ನೋಡುವುದು ನಾಲ್ಕು ಸಂಗತಿಗಳನ್ನು: ಗಂಟು ಎಲ್ಲಿದೆ, ಅದರೊಳಗೆ ಏನಿದೆ, ಅದಕ್ಕೆ ರಕ್ತ ಎಷ್ಟು ಹರಿಯುತ್ತದೆ, ಮತ್ತು ಅದು ಬೆಳೆಯುತ್ತಿದೆಯೇ. ಮೊದಲ ಮೂರಕ್ಕೆ ಯಂತ್ರ ಬೇಕು. ನಾಲ್ಕನೆಯದಕ್ಕೆ ಬೇಕಾದದ್ದು ಹಳೆಯ ಫೋಟೋ. ಅದನ್ನು ಇಟ್ಟುಕೊಂಡವರು ಬಲು ಕಡಿಮೆ ಎಂಬುದೇ ನನ್ನ ಚಿಂತೆ, ಈ ಲೇಖನ ಬರೆಯಲು ಕಾರಣವೂ ಅದೇ.

ಎಕ್ಸ್‌ರೇ ಹೇಳುವುದು, ಹೇಳದಿರುವುದು

ಜರ್ಮನಿಯ ವಿಲ್‌ಹೆಲ್ಮ್ ರಾಂಟ್ಜನ್ 1895ರಲ್ಲಿ ಕಂಡ ಕಿರಣದ ಕೆಲಸ ಇಂದಿಗೂ ಅದೇ. ಗಾಳಿ ಕಿರಣವನ್ನು ಸಲೀಸಾಗಿ ಬಿಡುತ್ತದೆ, ಆ ಜಾಗ ಕಪ್ಪಾಗಿ ಮೂಡುತ್ತದೆ. ಎಲುಬು ತಡೆಯುತ್ತದೆ, ಬಿಳಿಯಾಗುತ್ತದೆ. ಮಾಂಸ, ನೀರು, ರಕ್ತ ಇವೆಲ್ಲ ನಡುವಿನ ಬೂದು. ಶ್ವಾಸಕೋಶದ ತುಂಬ ಗಾಳಿ ಇರುವುದರಿಂದ ಅದರೊಳಗಿನ ಒಂದು ಸೆಂಟಿಮೀಟರ್ ಗಂಟೂ ಎದ್ದು ಕಾಣುವುದುಂಟು. ಅದೇ ಗಂಟು ಹೃದಯದ ಹಿಂದೆಯೋ ಬೆನ್ನೆಲುಬಿನ ಪಕ್ಕದಲ್ಲೋ ಇದ್ದರೆ ಬಿಳಿಯೊಳಗೆ ಬಿಳಿಯಾಗಿ ಮರೆಯಾಗುತ್ತದೆ. ಹೀಗಾಗಿ ಎದುರಿನಿಂದ ತೆಗೆದ ಒಂದು ಫೋಟೋ ಸಾಲದೆ, ಪಕ್ಕದಿಂದ ಇನ್ನೊಂದು ತೆಗೆಯಲು ಹೇಳುತ್ತಾರೆ. ಎರಡನೆಯದು ದುಡ್ಡಿನಾಸೆಗೆ ಬರೆದದ್ದಲ್ಲ. ಗಂಟು ಮುಂದಿದೆಯೋ ಹಿಂದಿದೆಯೋ ಎಂಬುದು ಅದರಿಂದಲೇ ತಿಳಿಯುವುದು.

ಅಂಚು ನೋಡುವುದು ಇಲ್ಲಿನ ಮುಖ್ಯ ಕಲೆ. ಶ್ವಾಸಕೋಶದೊಳಗಿನ ಗಂಟಿಗೆ ಸುತ್ತಲೂ ಗಾಳಿ ಇರುವುದರಿಂದ ಅದರ ಗೆರೆ ಪೂರ್ತಿ ಕಾಣುತ್ತದೆ. ಪಕ್ಕೆಲುಬಿನಿಂದಲೋ ಶ್ವಾಸಕೋಶದ ಹೊರಪೊರೆಯಿಂದಲೋ ಹುಟ್ಟಿದ ಗಂಟಿನ ಗೆರೆ ಒಂದು ಕಡೆ ಚೊಕ್ಕವಾಗಿದ್ದು ಇನ್ನೊಂದು ಕಡೆ ಕರಗಿಹೋಗಿರುತ್ತದೆ. ಅನುಭವಿ ರೇಡಿಯಾಲಜಿಸ್ಟ್ ಇಷ್ಟರಿಂದಲೇ ಗಂಟು ಶ್ವಾಸಕೋಶದ ಒಳಗಿನದೋ ಹೊರಗಿನದೋ ಎಂದು ಅಂದಾಜು ಮಾಡಬಲ್ಲರು.

ಕೆಲವು ಸಲ ಗಂಟೇ ಇರುವುದಿಲ್ಲ. ಮೊಲೆತೊಟ್ಟು, ಚರ್ಮದ ಮೇಲಿನ ದೊಡ್ಡ ನರೂಲಿ, ಹಿಂದೆಂದೋ ಮುರಿದು ಕೂಡಿಕೊಂಡ ಪಕ್ಕೆಲುಬಿನ ಉಬ್ಬು, ಬೆನ್ನಿನಿಂದ ಮುಂದಕ್ಕೆ ಬಿದ್ದ ಜಡೆ, ಇವೆಲ್ಲ ದುಂಡನೆಯ ನೆರಳಾಗಿ ಕಂಡು ಮನೆಯವರ ನಿದ್ದೆ ಕೆಡಿಸಿದ್ದಿದೆ. ತಾಳಿ, ತಾಯಿತ, ಕೊರಳಲ್ಲಿ ಕಟ್ಟಿದ ಲಿಂಗದ ಕರಡಿಗೆ ಕೂಡ ಎದೆಯ ನಡುವೆ ಬಿಳಿಯಾಗಿ ಕೂತು ಹಿಂದಿರುವುದನ್ನು ಮರೆಮಾಡುತ್ತವೆ. ಲಿಂಗ ಕಟ್ಟಿಕೊಂಡವರಿಗೆ ಅದನ್ನು ಮೈಯಿಂದ ಬೇರೆ ಮಾಡಲು ಮನಸ್ಸು ಒಪ್ಪುವುದಿಲ್ಲ, ಅದು ಸಹಜ. ಎಕ್ಸ್‌ರೇ ಕೋಣೆಯೊಳಗೆ ಹೋಗುವ ಮುಂಚೆಯೇ ತಂತ್ರಜ್ಞರಿಗೆ ಹೇಳಿದರೆ ಎದೆಯ ಭಾಗದಿಂದ ಸರಿಸಿ ಹಿಡಿದುಕೊಳ್ಳುವ ದಾರಿಯನ್ನು ಅವರೇ ತೋರಿಸುತ್ತಾರೆ. ಹೇಳದೆ ಅಂಗಿಯೊಳಗೆ ಮುಚ್ಚಿಟ್ಟುಕೊಂಡರೆ ಎರಡನೇ ಸಲ ಎಕ್ಸ್‌ರೇ ಆಗಬೇಕಾಗುತ್ತದೆ.

ಈ ನೆಲದ ಮೂರು ವೇಷಗಾರರು

ರಾಯಚೂರು ಜಿಲ್ಲೆಯಲ್ಲಿ ಎದೆಯ ಗಂಟಿನ ಬಗ್ಗೆ ಮಾತಾಡುವಾಗ ಪುಸ್ತಕದಲ್ಲಿರುವ ಅಪರೂಪದ ಗಡ್ಡೆಗಳಿಗಿಂತ ಮೊದಲು ಇಲ್ಲಿ ಸಾಮಾನ್ಯವಾಗಿರುವುದನ್ನು ನೆನೆಯಬೇಕು.

ಮೊದಲನೆಯದು ಟಿಬಿ. ವಾಸಿಯಾದ ಕ್ಷಯ ಶ್ವಾಸಕೋಶದ ಮೇಲ್ಭಾಗದಲ್ಲಿ ದುಂಡನೆಯ ಗಂಟು ಬಿಟ್ಟುಹೋಗುವುದುಂಟು. ಅದರ ನಡುವೆ ಸುಣ್ಣ ಕಟ್ಟಿರುತ್ತದೆ, ಅಕ್ಕಪಕ್ಕದಲ್ಲಿ ಸಣ್ಣ ಸಣ್ಣ ಚುಕ್ಕೆಗಳಿರುತ್ತವೆ. ಇದನ್ನು ಕ್ಯಾನ್ಸರ್ ಎಂದುಕೊಳ್ಳುವವರಿದ್ದಾರೆ. ಇದಕ್ಕಿಂತ ಹೆಚ್ಚಾಗಿ ಆಗುವುದು ಇದರ ತಿರುವುಮುರುವು: ಬೇರಾವುದೋ ಗಂಟನ್ನು ಟಿಬಿ ಎಂದುಕೊಂಡು ಕಫ ಪರೀಕ್ಷೆಯಿಲ್ಲದೆ ಆರು ತಿಂಗಳ ಮಾತ್ರೆ ನುಂಗಿಸುವುದು. ಎಕ್ಸ್‌ರೇ ನೆರಳನ್ನಷ್ಟೇ ನೋಡಿ ಟಿಬಿ ಎಂದು ತೀರ್ಮಾನಿಸಲಾಗದು. ಕಫದಲ್ಲಿ ರೋಗಾಣುವನ್ನು ಹುಡುಕುವ ಪರೀಕ್ಷೆ ಸರ್ಕಾರದ ಕಾರ್ಯಕ್ರಮದಲ್ಲಿ ಪುಕ್ಕಟೆ ಇದೆ. ಮಾತ್ರೆ ಶುರುವಾಗುವ ಮೊದಲು ಅದನ್ನು ಕೇಳಿ ಮಾಡಿಸಿಕೊಳ್ಳಬೇಕು. ಮಾತ್ರೆ ಮುಗಿದ ಮೇಲೂ ಗಂಟು ಇದ್ದಷ್ಟೇ ಇದ್ದರೆ ಅಥವಾ ಬೆಳೆದಿದ್ದರೆ, ಮತ್ತೊಂದು ಸುತ್ತಿನ ಮಾತ್ರೆಗಿಂತ ಮೊದಲು ಸಿಟಿ ಸ್ಕ್ಯಾನ್ ಆಗಬೇಕು.

ಎರಡನೆಯದು ಹೈಡಾಟಿಡ್ ಗುಳ್ಳೆ. ಕುರಿ ಮತ್ತು ನಾಯಿಯ ನಡುವೆ ಸುತ್ತುವ ಒಂದು ಲಾಡಿಹುಳದಿಂದ ಇದು ಬರುತ್ತದೆ. ಕುರಿ ಕೊಯ್ದಾಗ ಎಸೆದ ಯಕೃತ್ತು (ಲಿವರ್), ಶ್ವಾಸಕೋಶಗಳನ್ನು ನಾಯಿ ತಿಂದರೆ ಹುಳು ಅದರ ಹೊಟ್ಟೆ ಸೇರುತ್ತದೆ. ನಾಯಿಯ ಮಲದಲ್ಲಿ ಬಂದ ತತ್ತಿ ಕೈಯಿಂದಲೋ ತೊಳೆಯದ ಸೊಪ್ಪಿನಿಂದಲೋ ಮನುಷ್ಯನ ಹೊಟ್ಟೆ ಸೇರಿ ಯಕೃತ್ತಿನಲ್ಲಿ, ಶ್ವಾಸಕೋಶದಲ್ಲಿ ನೀರು ತುಂಬಿದ ಗುಳ್ಳೆಯಾಗುತ್ತದೆ. ಕುರಿ ಸಾಕುವ ಮನೆಗಳಿರುವ ನಮ್ಮ ಸೀಮೆಯಲ್ಲಿ ಇದನ್ನು ಮರೆಯುವಂತಿಲ್ಲ. ಎಕ್ಸ್‌ರೇಯಲ್ಲಿ ಇದೂ ಚೊಕ್ಕ ಗೆರೆಯ ದುಂಡು ಗಡ್ಡೆ. ಗುಳ್ಳೆಗೆ ಆಲೋಚಿಸದೆ ಸೂಜಿ ಚುಚ್ಚಿದರೆ ಒಳಗಿನ ನೀರು ಸೋರಿ ಜೀವಕ್ಕೆ ಅಪಾಯವಾಗುವಂಥ ಅಲರ್ಜಿ ಆಗಬಹುದು. ಆದ್ದರಿಂದ ಕುರಿ ಸಾಕುವವರು, ನಾಯಿಯೊಡನೆ ಒಡನಾಟ ಇರುವವರು ಆ ಮಾತನ್ನು ಡಾಕ್ಟರ ಮುಂದೆ ತಾವಾಗಿಯೇ ಹೇಳಬೇಕು.

ಮೂರನೆಯದು ಕಲ್ಲಿನ ಧೂಳು. ಹಟ್ಟಿ ಚಿನ್ನದ ಗಣಿಯಲ್ಲೋ ಕಲ್ಲು ಕ್ವಾರಿಯಲ್ಲೋ ವರ್ಷಗಟ್ಟಲೆ ದುಡಿದವರ ಶ್ವಾಸಕೋಶದ ಮೇಲ್ಭಾಗದಲ್ಲಿ ಸಿಲಿಕೋಸಿಸ್‌ನ ಗಂಟುಗಳು ಎರಡೂ ಬದಿಗೆ ಕಾಣುತ್ತವೆ, ಒಂದಕ್ಕೊಂದು ಕೂಡಿ ದೊಡ್ಡದೂ ಆಗುತ್ತವೆ. ಸ್ಕ್ಯಾನ್ ಓದುವವರಿಗೆ ರೋಗಿಯ ಕಸುಬು ಗೊತ್ತಿರದಿದ್ದರೆ ಚಿತ್ರ ಅರ್ಧವೇ ಅರ್ಥವಾಗುತ್ತದೆ. ಚೀಟಿಯಲ್ಲಿ ಕಸುಬು ಬರೆದಿದೆಯೇ ನೋಡಿ.

ಸಿಟಿ ಸ್ಕ್ಯಾನ್: ಗಂಟಿನೊಳಗೆ ಇಣುಕುವುದು

ಗಂಟನ್ನು ಹೆಸರಿಸುವ ನಿಜವಾದ ಕೆಲಸ ಶುರುವಾಗುವುದು ಇಲ್ಲಿ. ಬ್ರಿಟನ್ನಿನ ಎಂಜಿನಿಯರ್ ಗಾಡ್‌ಫ್ರೇ ಹೌನ್ಸ್‌ಫೀಲ್ಡ್ ಕಟ್ಟಿದ ಯಂತ್ರದಲ್ಲಿ ಮೊದಲ ರೋಗಿಯ ತಲೆಯ ಚಿತ್ರ ತೆಗೆದದ್ದು 1971ರಲ್ಲಿ, ಲಂಡನ್ನಿನ ಆಸ್ಪತ್ರೆಯೊಂದರಲ್ಲಿ. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು. ಕಿರಣ ಸೂಸುವ ಕೊಳವೆ ದೇಹದ ಸುತ್ತ ತಿರುಗುತ್ತ ಎಲ್ಲ ದಿಕ್ಕಿನಿಂದಲೂ ಅಳೆಯುತ್ತದೆ. ಆ ಅಳತೆಗಳನ್ನು ಕಂಪ್ಯೂಟರ್ ಲೆಕ್ಕ ಹಾಕಿ ದೇಹದೊಳಗಿನ ಒಂದೊಂದು ಬಿಂದುವಿಗೂ ಒಂದು ಸಂಖ್ಯೆ ಕೊಡುತ್ತದೆ. ನೀರಿಗೆ ಸೊನ್ನೆ, ಗಾಳಿಗೆ ಮೈನಸ್ 1000. ಮಾಂಸ ಸುಮಾರು 30ರಿಂದ 60. ಗಟ್ಟಿ ಎಲುಬು ನೂರಾರು, ಕೆಲವೆಡೆ ಸಾವಿರ ದಾಟುತ್ತದೆ. ಕೊಬ್ಬು ಸೊನ್ನೆಗಿಂತ ಕೆಳಗೆ, ಮೈನಸ್ 50ರಿಂದ ಮೈನಸ್ 150ರ ಆಸುಪಾಸು. ಈ ಸಂಖ್ಯೆಗೆ ಹೌನ್ಸ್‌ಫೀಲ್ಡ್ ಅವರ ಹೆಸರನ್ನೇ ಇಟ್ಟಿದ್ದಾರೆ.

ಈ ಸಂಖ್ಯೆಗಳ ಬಲ ತಿಳಿಯಲು ಹಮಾರ್ಟೋಮಾ ಎಂಬ ಗಡ್ಡೆಗಿಂತ ಒಳ್ಳೆಯ ಉದಾಹರಣೆ ಇಲ್ಲ. ಶ್ವಾಸಕೋಶದ ಕ್ಯಾನ್ಸರ್ ಅಲ್ಲದ ಗಡ್ಡೆಗಳಲ್ಲಿ ನಾಲ್ಕರಲ್ಲಿ ಮೂರು ಪಾಲು ಇದೇ. ನಲವತ್ತು ದಾಟಿದವರಲ್ಲಿ, ಹೆಂಗಸರಿಗಿಂತ ಗಂಡಸರಲ್ಲಿ ಹೆಚ್ಚು. ಮೃದು ಎಲುಬು, ಕೊಬ್ಬು, ಸ್ನಾಯು, ಶ್ವಾಸಕೋಶದಲ್ಲಿ ಇರಬೇಕಾದ ವಸ್ತುಗಳೇ ಇಲ್ಲಿ ಅಸ್ತವ್ಯಸ್ತವಾಗಿ ಗಂಟು ಕಟ್ಟಿರುತ್ತವೆ. ಸಾಮಾನ್ಯವಾಗಿ ಒಂದರಿಂದ ಮೂರು ಸೆಂಟಿಮೀಟರ್ ಗಾತ್ರ, ವರ್ಷಕ್ಕೆ ಕೆಲವು ಮಿಲಿಮೀಟರ್ ಬೆಳವಣಿಗೆ. ಬಹುಪಾಲು ಜನರಿಗೆ ಇದರಿಂದ ಏನೂ ತೊಂದರೆ ಇರುವುದಿಲ್ಲ. ಸಿಟಿಯಲ್ಲಿ ನಯವಾದ ಅಂಚಿನ ಗಂಟಿನ ನಡುವೆ ಮೈನಸ್ 40ರಿಂದ ಮೈನಸ್ 120ರ ಸಂಖ್ಯೆ ಸಿಕ್ಕರೆ ಅದು ಕೊಬ್ಬು. ಶ್ವಾಸಕೋಶದ ಸಣ್ಣ ಗಂಟಿನೊಳಗೆ ಕೊಬ್ಬು ಕಂಡಿತೆಂದರೆ ಬಹುತೇಕ ಹಮಾರ್ಟೋಮಾ ಎಂದೇ ಅರ್ಥ, ಸೂಜಿ ಪರೀಕ್ಷೆಯ ಅಗತ್ಯವೂ ಬೀಳುವುದಿಲ್ಲ. ಕೆಲವರಲ್ಲಿ ಅದರೊಳಗೆ ಸುಣ್ಣ ಕಟ್ಟಿರುತ್ತದೆ. ಆ ಸುಣ್ಣ ನಾಗರ ಪಂಚಮಿಗೆ ಹುರಿದ ಜೋಳದ ಅರಳಿನ ಹಾಗೆ ಅಂಕುಡೊಂಕಾಗಿ ಅರಳಿರುತ್ತದೆ, ಒಮ್ಮೆ ನೋಡಿದವರು ಮರೆಯುವುದಿಲ್ಲ.

ಒಂದು ತೊಡಕೂ ಇದೆ. ಕೊಬ್ಬು ಕಾಣುವುದು ಹಮಾರ್ಟೋಮಾಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಮಾತ್ರ. ಸ್ಕ್ಯಾನಿನ ಪದರ ದಪ್ಪವಾಗಿದ್ದರೆ ಇರುವ ಕೊಬ್ಬೂ ಅಕ್ಕಪಕ್ಕದ ಮಾಂಸದೊಡನೆ ಬೆರೆತು ಸರಾಸರಿಯಲ್ಲಿ ಕಳೆದುಹೋಗುತ್ತದೆ. ಐದು ಮಿಲಿಮೀಟರ್ ಪದರದಲ್ಲಿ ಕಾಣದ್ದು ಒಂದು, ಒಂದೂವರೆ ಮಿಲಿಮೀಟರ್ ಪದರದಲ್ಲಿ ಕಾಣುತ್ತದೆ. ಇಂದಿನ ಯಂತ್ರಗಳೆಲ್ಲ ತೆಳು ಪದರ ತೆಗೆಯಬಲ್ಲವು. ಕೇಳುವವರು ಬೇಕು.

ಸುಣ್ಣದ ವಿಷಯದಲ್ಲೂ ಎಲ್ಲಿ, ಹೇಗೆ ಕಟ್ಟಿದೆ ಎಂಬುದು ಮುಖ್ಯ. ಗಂಟಿನ ನಟ್ಟನಡುವೆ, ಇಡೀ ಗಂಟಿನ ತುಂಬ, ಸುತ್ತು ಸುತ್ತಾಗಿ, ಇಲ್ಲವೇ ಅರಳಿನಂತೆ ಕಟ್ಟಿದ್ದರೆ ಧೈರ್ಯ ತರುವ ಲಕ್ಷಣ. ಒಂದು ಮೂಲೆಯಲ್ಲಿ ಮಾತ್ರ, ಅಥವಾ ಪುಡಿಪುಡಿಯಾಗಿ ಚೆದುರಿದ್ದರೆ ಅಷ್ಟು ನೆಮ್ಮದಿ ಸಲ್ಲದು. ಅಂಚಿನಿಂದ ಮುಳ್ಳು ಮುಳ್ಳಾಗಿ ಗೆರೆ ಹೊರಟಿದ್ದರೆ ಬೀಡಿ ಸೇದುವವರಲ್ಲಿ ಅದನ್ನು ಕ್ಯಾನ್ಸರ್ ಎಂದೇ ಅನುಮಾನಿಸಿ ಮುಂದುವರಿಯಬೇಕು.

ರಕ್ತದ ಹರಿವು ನೋಡಲು ಕೈಯ ರಕ್ತನಾಳಕ್ಕೆ ಅಯೋಡಿನ್ ಇರುವ ಔಷಧಿ ಕೊಟ್ಟು ಮತ್ತೆ ಚಿತ್ರ ತೆಗೆಯುತ್ತಾರೆ. ಗಂಟಿನ ಸಂಖ್ಯೆ 15ಕ್ಕಿಂತ ಕಡಿಮೆ ಏರಿದರೆ ಅದು ಕ್ಯಾನ್ಸರ್ ಆಗಿರುವ ಸಾಧ್ಯತೆ ತೀರ ಕಡಿಮೆ. ಹೆಚ್ಚು ಏರಿತೆಂದು ಕ್ಯಾನ್ಸರ್ ಎನ್ನಲಾಗದು: ಕ್ಯಾನ್ಸರ್ ಅಲ್ಲದಿದ್ದರೂ ರಕ್ತ ಚೆನ್ನಾಗಿ ಹರಿಯುವ ಗಡ್ಡೆಗಳೂ ಇವೆ. ನಡುವಯಸ್ಸಿನ ಹೆಂಗಸರಲ್ಲಿ, ಅದರಲ್ಲೂ ಏಷ್ಯಾದವರಲ್ಲಿ ಹೆಚ್ಚಾಗಿ ಕಾಣುವ ಸ್ಕ್ಲೆರೋಸಿಂಗ್ ನ್ಯುಮೋಸೈಟೋಮಾ ಅಂಥದ್ದು. ಅದು ಜೋರಾಗಿ ಬೆಳಗಿ ವೈದ್ಯರನ್ನೇ ಗಾಬರಿಗೊಳಿಸುತ್ತದೆ.

ಈ ಔಷಧಿ ಒಳಗೆ ಹೋಗುವಾಗ ಮೈಯೆಲ್ಲ ಬಿಸಿಯಾದಂತೆ, ಮೂತ್ರ ಹೋದಂತೆ ಅನ್ನಿಸುತ್ತದೆ. ಹೆದರಬೇಕಿಲ್ಲ, ಒಂದೆರಡು ನಿಮಿಷದಲ್ಲಿ ಇಳಿಯುತ್ತದೆ. ಮೂತ್ರಪಿಂಡ ಸರಿಯಿದೆಯೇ ಎಂದು ತಿಳಿಯಲು ಕ್ರಿಯಾಟಿನಿನ್ ಎಂಬ ರಕ್ತ ಪರೀಕ್ಷೆ ಮೊದಲೇ ಆಗಿರಬೇಕು. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನು ನಿಲ್ಲಿಸಬೇಕೋ ಬೇಡವೋ ಎಂದು ಕೇಳಬೇಕು. ಹಿಂದೆ ಇಂಥ ಔಷಧಿಯಿಂದ ಮೈ ತುರಿಸಿದ್ದರೆ, ಉಬ್ಬಸ ಇದ್ದರೆ, ಹೆಂಗಸರಿಗೆ ತಾವು ಬಸುರಿ ಇರಬಹುದೆಂಬ ಅನುಮಾನವಿದ್ದರೆ ಬಾಯಿಬಿಟ್ಟು ಹೇಳಬೇಕು. ಸ್ಕ್ಯಾನ್ ಆದ ಮೇಲೆ ಡಾಕ್ಟರು ಬೇಡವೆನ್ನದಿದ್ದರೆ ಚೆನ್ನಾಗಿ ನೀರು ಕುಡಿಯಬೇಕು. ಉಸಿರು ಹಿಡಿಯಿರಿ ಅಂದಾಗ ನಿಜವಾಗಿಯೂ ಹಿಡಿಯಬೇಕು. ಉಸಿರಾಡಿದರೆ ಸಣ್ಣ ಗಂಟು ಮಸುಕಾಗಿ ಅಳತೆ ತಪ್ಪುತ್ತದೆ. ಮನೆಯಲ್ಲೇ ಹತ್ತು ಹದಿನೈದು ಸೆಕೆಂಡು ಉಸಿರು ಹಿಡಿದು ಅಭ್ಯಾಸ ಮಾಡಿಕೊಂಡು ಹೋಗುವುದು ಒಳ್ಳೆಯದು.

ಕಿರಣದ ಭಯದ ಬಗ್ಗೆಯೂ ಒಂದು ಮಾತು. ಎದೆ ಎಕ್ಸ್‌ರೇಯಲ್ಲಿ ಸಿಗುವ ವಿಕಿರಣ 0.1 ಮಿಲಿಸೀವರ್ಟ್ ಮೀರುವುದಿಲ್ಲ. ಮಾಮೂಲಿ ಎದೆ ಸಿಟಿಯಲ್ಲಿ 5ರಿಂದ 7, ಕಡಿಮೆ ಪ್ರಮಾಣದ ಸಿಟಿಯಲ್ಲಿ ಸುಮಾರು 1.5. ನೆಲದಿಂದ, ಆಕಾಶದಿಂದ, ಉಸಿರಾಡುವ ಗಾಳಿಯಿಂದ ಮನುಷ್ಯನಿಗೆ ವರ್ಷಕ್ಕೆ ಸಿಗುವ ಪ್ರಪಂಚದ ಸರಾಸರಿ 2.4. ಬೇಕಾದ ಸಿಟಿಯನ್ನು ಭಯದಿಂದ ತಪ್ಪಿಸಿಕೊಳ್ಳಬಾರದು. ಹಿಂದಿನದು ಕಳೆದುಹೋಯಿತೆಂದು ಅದನ್ನೇ ಮತ್ತೆ ಮಾಡಿಸುವುದು ಮಾತ್ರ ದುಡ್ಡಿಗೂ ಮೈಗೂ ನಷ್ಟ.

ಜಾಗ ಹೇಳುವ ಹೆಸರು

ಶ್ವಾಸಕೋಶದ ಹೊರಗೆ ಬಂದರೆ ಗಂಟಿನ ಜಾಗವೇ ಅರ್ಧ ಉತ್ತರ. ಎದೆ ಎಲುಬಿನ ಹಿಂದೆ, ಹೃದಯದ ಮುಂದೆ ಇರುವ ಗಂಟಿನಲ್ಲಿ ಕೊಬ್ಬು, ನೀರು, ಸುಣ್ಣ ಮೂರೂ ಒಟ್ಟಿಗೆ ಸಿಕ್ಕರೆ ಅದು ಟೆರಟೋಮಾ. ಹುಟ್ಟುವ ಮುಂಚಿನ ಜೀವಕೋಶಗಳಿಂದ ಬಂದ ಈ ಗಡ್ಡೆಯಲ್ಲಿ ಕೂದಲು, ಒಮ್ಮೊಮ್ಮೆ ಹಲ್ಲು ಕೂಡ ಇರುತ್ತದೆ. ಶ್ವಾಸನಾಳಕ್ಕೆ ಒಡೆದುಕೊಂಡರೆ ಕೆಮ್ಮಿನಲ್ಲಿ ಕೂದಲು ಬಂದ ಪ್ರಸಂಗಗಳು ವೈದ್ಯಗ್ರಂಥಗಳಲ್ಲಿವೆ. ಇಂಥ ಮಾತು ಹೇಳಿದ ರೋಗಿಯನ್ನು ಭ್ರಮೆ ಎಂದು ತಳ್ಳಿಹಾಕಬಾರದು. ಅದೇ ಜಾಗದಲ್ಲಿ, ಕುತ್ತಿಗೆಯಿಂದ ಕೆಳಗಿಳಿದ ಥೈರಾಯ್ಡ್ ಗಡ್ಡೆಯೂ ಕೂತಿರಬಹುದು. ಮೇಲಿನ ಗ್ರಂಥಿಗೆ ಕೂಡಿಕೊಂಡಿರುವುದು ಸಿಟಿಯಲ್ಲಿ ಕಾಣುತ್ತದೆ.

ಬೆನ್ನೆಲುಬಿನ ಪಕ್ಕದ್ದು ಹೆಚ್ಚಾಗಿ ನರದ ಗಡ್ಡೆ, ದೊಡ್ಡವರಲ್ಲಿ ಶ್ವಾನೋಮಾ. ಇದಕ್ಕೆ ಎಂಆರ್‌ಐ ಬೇಕೇ ಬೇಕು. ಗಡ್ಡೆಯ ಒಂದು ತುದಿ ಬೆನ್ನುಹುರಿಯ ನಾಳದೊಳಗೆ ಹೊಕ್ಕಿದ್ದರೆ ಎದೆಯ ಸರ್ಜನ್ ಒಬ್ಬರೇ ತೆಗೆಯಲು ಹೊರಟರೆ ಕಾಲಿನ ಬಲಕ್ಕೇ ಕುತ್ತು ಬರಬಹುದು. ನರಶಸ್ತ್ರಜ್ಞರೂ ಜೊತೆಗಿರಬೇಕು. ಎಂಆರ್‌ಐನಲ್ಲಿ ವಿಕಿರಣ ಇಲ್ಲ, ಬಲವಾದ ಅಯಸ್ಕಾಂತ ಇದೆ. ಪೇಸ್‌ಮೇಕರ್, ಮೆದುಳಿನ ಕ್ಲಿಪ್, ಮೈಯಲ್ಲಿ ಉಳಿದ ಲೋಹದ ಚೂರು ಇದ್ದವರು ಮೊದಲೇ ಹೇಳಬೇಕು. ಅರ್ಧ ಗಂಟೆಯಷ್ಟು ಅಲುಗಾಡದೆ ಮಲಗಬೇಕು, ಸದ್ದು ಜೋರು. ಇಲ್ಲಿ ಮಾತ್ರ ಕರಡಿಗೆಯನ್ನೂ ತಾಳಿಯನ್ನೂ ಹೊರಗೆ ಮನೆಯವರ ಕೈಯಲ್ಲಿ ಕೊಟ್ಟೇ ಒಳಹೋಗಬೇಕು.

ಶ್ವಾಸಕೋಶದ ಹೊರಪೊರೆಯಲ್ಲಿ ಹುಟ್ಟುವ ಸಾಲಿಟರಿ ಫೈಬ್ರಸ್ ಟ್ಯೂಮರ್ ಬಗ್ಗೆ ತುಸು ಹೆಚ್ಚು ಹೇಳಬೇಕು. ಹಿಂದೆ ಇದನ್ನು ಮೀಸೋಥೀಲಿಯೋಮಾ ಎಂಬ, ಕಲ್ನಾರಿನ ಧೂಳಿನಿಂದ ಬರುವ ಹೊರಪೊರೆಯ ಕ್ಯಾನ್ಸರಿನ ಸೌಮ್ಯ ರೂಪ ಎಂದುಕೊಂಡಿದ್ದರು. ಈಗ ಅದು ಬೇರೆಯೇ ಎಂದು ಗೊತ್ತಾಗಿದೆ, ಕಲ್ನಾರಿಗೂ ಇದಕ್ಕೂ ಸಂಬಂಧವಿಲ್ಲ. ನಿಶ್ಶಬ್ದವಾಗಿ ಬೆಳೆದು ಎದೆಯ ಅರ್ಧ ಭಾಗ ತುಂಬಿದ ಮೇಲೆ ಉಸಿರು ಕಟ್ಟಿ ಗೊತ್ತಾಗುವುದೂ ಉಂಟು. ಹಲವು ಸಲ ಇದಕ್ಕೆ ತೊಟ್ಟು ಇರುತ್ತದೆ. ಆಗ ರೋಗಿ ಮಗ್ಗುಲು ಬದಲಿಸಿದರೆ ಗಡ್ಡೆಯ ಜಾಗವೂ ಬದಲಾಗುತ್ತದೆ. ಒಂದು ಫೋಟೋದಲ್ಲಿ ಕೆಳಗೆ, ಇನ್ನೊಂದರಲ್ಲಿ ಮೇಲೆ ಕಂಡ ಗಡ್ಡೆ ಇದೇ ಇರಬಹುದೆಂದು ರೇಡಿಯಾಲಜಿಸ್ಟ್ ಎಚ್ಚರಗೊಳ್ಳುತ್ತಾರೆ. ದೊಡ್ಡ ಗಡ್ಡೆ ಇನ್ಸುಲಿನ್ನಿನಂತೆ ಕೆಲಸ ಮಾಡುವ ಒಂದು ವಸ್ತುವನ್ನು ಸೂಸಿ ರಕ್ತದ ಸಕ್ಕರೆಯನ್ನು ಕುಸಿಯುವಂತೆ ಮಾಡುವುದು ಅಪರೂಪಕ್ಕೆ ಉಂಟು. ಡೋಗೆ ಮತ್ತು ಪಾಟರ್ ಎಂಬ ವೈದ್ಯರು 1930ರಲ್ಲಿ ಬೇರೆ ಬೇರೆಯಾಗಿ ಇದನ್ನು ಬರೆದಿಟ್ಟರು. ಸಕ್ಕರೆ ಕಾಯಿಲೆಯೂ ಇಲ್ಲ, ಮಾತ್ರೆಯೂ ಇಲ್ಲ, ಆದರೂ ಬೆಳಗಿನ ಜಾವ ಬೆವತು ತಲೆ ತಿರುಗಿ ಬೀಳುವ ವ್ಯಕ್ತಿಗೆ ಒಂದು ಎದೆ ಎಕ್ಸ್‌ರೇ ತೆಗೆಸಿದರೆ ಕಾರಣ ಅಲ್ಲಿ ಸಿಗಬಹುದು. ಈ ಗಡ್ಡೆ ನೂರರಲ್ಲಿ ಹತ್ತಿಪ್ಪತ್ತು ಮಂದಿಯಲ್ಲಿ ಕ್ಯಾನ್ಸರಿನಂತೆ ವರ್ತಿಸುತ್ತದೆ, ಚಿತ್ರ ನೋಡಿ ಯಾವುದು ಹಾಗೆ ಎಂದು ಖಚಿತವಾಗಿ ಹೇಳಲಾಗದು. ಆದ್ದರಿಂದ ಇದನ್ನು ಪೂರ್ತಿ ತೆಗೆಯುವುದೇ ವಾಡಿಕೆ, ತೆಗೆದ ಮೇಲೂ ವರ್ಷಗಟ್ಟಲೆ ನಿಗಾ ಬೇಕು.

ಬೆನ್ನಿನ ಹೆಗಲೆಲುಬಿನ ಕೆಳತುದಿಯಲ್ಲಿ, ಕೈ ಮುಂದೆ ಚಾಚಿದಾಗ ಉಬ್ಬಿ ಕಾಣುವ ಗಂಟು ಎಲಾಸ್ಟೋಫೈಬ್ರೋಮಾ ಆಗಿರಬಹುದು. ಐವತ್ತು ದಾಟಿದ ಹೆಂಗಸರಲ್ಲಿ ಹೆಚ್ಚು, ಅನೇಕರಲ್ಲಿ ಎರಡೂ ಬದಿಗೆ. ಹೆಗಲೆಲುಬು ಪಕ್ಕೆಲುಬಿಗೆ ಮತ್ತೆ ಮತ್ತೆ ಉಜ್ಜುವುದರಿಂದ ಬರುತ್ತದೆಂಬ ಊಹೆ ಬಹುಕಾಲದಿಂದ ಇದೆ. ಹತ್ತಿ ಬಿಡಿಸಿ, ಕಳೆ ಕಿತ್ತು, ಭಾರ ಹೊತ್ತ ಹೆಂಗಸರು ಇಂಥ ಗಂಟನ್ನು ಯಾರಿಗೂ ಹೇಳದೆ ಸಹಿಸುತ್ತಾರೆ ಎಂಬುದು ನನಗೆ ನೋವಿನ ಸಂಗತಿ. ಅಲ್ಟ್ರಾಸೌಂಡ್ ಅಥವಾ ಸಿಟಿಯಲ್ಲಿ ನಾರಿನ ನಡುವೆ ಕೊಬ್ಬಿನ ಗೆರೆಗಳು ಕಂಡು, ಎರಡು ಬದಿಗೂ ಇದ್ದರೆ ಮುಂದೆ ಪರೀಕ್ಷೆ ಬೇಕಾಗುವುದೇ ಅಪರೂಪ.

ಹೃದಯದೊಳಗೂ ಗಡ್ಡೆ ಬರುತ್ತದೆ. ಮಿಕ್ಸೋಮಾ ಎಂಬುದು ನಾಲ್ಕರಲ್ಲಿ ಮೂರು ಪಾಲು ಎಡ ಮೇಲ್ಕೋಣೆಯಲ್ಲಿರುತ್ತದೆ. ಕ್ಯಾನ್ಸರ್ ಅಲ್ಲದಿದ್ದರೂ ಚೂರು ಕಿತ್ತು ಮೆದುಳಿಗೆ ಹೋದರೆ ಲಕ್ವ ಹೊಡೆಯುತ್ತದೆ, ಆದ್ದರಿಂದ ಕಾಯದೆ ತೆಗೆಯುತ್ತಾರೆ. ಅದನ್ನು ಹಿಡಿಯುವುದು ಎಕೋ, ಅಂದರೆ ಹೃದಯದ ಅಲ್ಟ್ರಾಸೌಂಡ್. ಕಲಬುರಗಿಯಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ ಶಾಖೆ ಇರುವುದರಿಂದ ಇದಕ್ಕಾಗಿ ಬೆಂಗಳೂರಿನವರೆಗೆ ಹೋಗಲೇಬೇಕೆಂದಿಲ್ಲ.

ಪೆಟ್ ಸ್ಕ್ಯಾನ್ ಮತ್ತು ಸೂಜಿ

ದೊಡ್ಡ ಆಸ್ಪತ್ರೆಗೆ ಹೋದರೆ ಪೆಟ್ ಸ್ಕ್ಯಾನ್ ಎಂಬ ಮಾತು ಬರುತ್ತದೆ. ವಿಕಿರಣ ಸೂಸುವ ಸಕ್ಕರೆಯನ್ನು ರಕ್ತಕ್ಕೆ ಬಿಟ್ಟು ಯಾವ ಜಾಗ ಅದನ್ನು ಹೆಚ್ಚು ಹೀರುತ್ತದೆ ಎಂದು ನೋಡುವ ಪರೀಕ್ಷೆ ಅದು. ಕ್ಯಾನ್ಸರ್ ಹೆಚ್ಚು ಹೀರುತ್ತದೆ, ಹಮಾರ್ಟೋಮಾ ಬಹುಮಟ್ಟಿಗೆ ತಣ್ಣಗಿರುತ್ತದೆ. ಆದರೆ ಜೀವಂತ ಟಿಬಿ ಗಂಟು ಕ್ಯಾನ್ಸರಿನಷ್ಟೇ ಬೆಳಗಬಲ್ಲದು. ಪಾಶ್ಚಾತ್ಯ ದೇಶಗಳಲ್ಲಿ ಈ ಪರೀಕ್ಷೆಗೆ ಇರುವ ನೆಚ್ಚಿಕೆಯನ್ನು ರಾಯಚೂರಿನ ರೋಗಿಯ ಮೇಲೆ ಹಾಗೆಯೇ ಹೊರಿಸಲಾಗದು. ಪೆಟ್‌ನಲ್ಲಿ ಬೆಳಗಿದ್ದನ್ನು ಕ್ಯಾನ್ಸರ್ ಎಂದು ಒಪ್ಪಿಕೊಳ್ಳುವ ಮುಂಚೆ ಸೂಜಿಯಿಂದ ತುಣುಕು ತೆಗೆದು ಪರೀಕ್ಷಿಸಲು ಒಪ್ಪಬೇಕು.

ಸಿಟಿ ನೋಡುತ್ತ ಸೂಜಿ ಹಾಕಿ ತುಣುಕು ತೆಗೆಯುವಾಗ ಶ್ವಾಸಕೋಶದಿಂದ ಗಾಳಿ ಸೋರುವುದು ನೂರರಲ್ಲಿ 15ರಿಂದ 25 ಮಂದಿಗೆ ಆಗುತ್ತದೆ. ಬಹುಪಾಲು ತಾನಾಗಿ ಸರಿಹೋಗುತ್ತದೆ, ಕೆಲವರಿಗೆ ಕೊಳವೆ ಹಾಕಬೇಕಾಗುತ್ತದೆ. ರಕ್ತ ತೆಳುವಾಗುವ ಮಾತ್ರೆ ತೆಗೆದುಕೊಳ್ಳುವವರು ಹೇಳದೆ ಮಲಗಬಾರದು. ಸೂಜಿ ಹಾಕಿದರೆ ಗಡ್ಡೆ ಕೆರಳಿ ಹರಡುತ್ತದೆ ಎಂಬ ಮಾತು ಹಳ್ಳಿಗಳಲ್ಲಿ ಬಲವಾಗಿದೆ, ಅದನ್ನು ನಂಬಿ ಪರೀಕ್ಷೆ ಬಿಟ್ಟವರಿಗೆ ಆಗುವ ಹಾನಿ ಸೂಜಿಯ ಹಾನಿಗಿಂತ ಎಷ್ಟೋ ದೊಡ್ಡದು.

ಹಳೆಯ ಫೋಟೋ

ಗಟ್ಟಿ ಗಂಟೊಂದು ಎರಡು ವರ್ಷದಲ್ಲಿ ಒಂದಿಷ್ಟೂ ಬೆಳೆದಿಲ್ಲವಾದರೆ ಅದು ಕ್ಯಾನ್ಸರ್ ಅಲ್ಲ ಎಂಬ ನಂಬಿಕೆಗೆ ಬಲ ಬರುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಗಂಟುಗಳ ಗಾತ್ರ ಬಹುಮಟ್ಟಿಗೆ ಒಂದು ತಿಂಗಳಿಂದ ನಾನೂರು ದಿನಗಳ ಒಳಗೆ ಎರಡರಷ್ಟಾಗುತ್ತದೆ. ಇಲ್ಲಿ ಲೆಕ್ಕ ಕಣ್ಣಿಗೆ ಮೋಸ ಮಾಡುತ್ತದೆ. ದುಂಡನೆಯ ಗಂಟಿನ ಗಾತ್ರ ಎರಡು ಪಟ್ಟಾಗಲು ಅದರ ಅಡ್ಡಳತೆ ಕಾಲುಭಾಗದಷ್ಟು ಹೆಚ್ಚಿದರೆ ಸಾಕು: 10 ಮಿಲಿಮೀಟರ್ ಇದ್ದದ್ದು 12.6 ಆಯಿತೆಂದರೆ ಗಂಟು ಎರಡರಷ್ಟಾಯಿತು. ಬರಿಗಣ್ಣಿಗೆ ಎರಡೂ ಒಂದೇ ಥರ ಕಾಣುತ್ತವೆ. ಆದ್ದರಿಂದಲೇ ಹೋಲಿಕೆ ಮಾಡುವಾಗ ಸಿಟಿಗೆ ಸಿಟಿಯನ್ನೇ ಇಟ್ಟು, ಒಂದೇ ದಪ್ಪದ ಪದರದಲ್ಲಿ ಅಳೆಯಬೇಕು.

ಈಗ ನೆನೆಯಿರಿ: ಐದು ವರ್ಷದ ಹಿಂದೆ ದುಡಿಯಲು ಬೆಂಗಳೂರಿಗೋ ಹೈದರಾಬಾದಿಗೋ ಹೋದಾಗ ತೆಗೆಸಿದ ಎಕ್ಸ್‌ರೇ, ಕೋವಿಡ್ ಕಾಲದಲ್ಲಿ ಮಾಡಿಸಿದ ಎದೆ ಸಿಟಿ. ಆಗಿನ ಚಿತ್ರದಲ್ಲೇ ಅದೇ ಗಂಟು ಅಷ್ಟೇ ಇದ್ದರೆ ಇಂದಿನ ಆತಂಕ ಬಹುಮಟ್ಟಿಗೆ ಇಳಿಯುತ್ತದೆ. 2020, 2021ರಲ್ಲಿ ಎಷ್ಟೋ ಜನ ಎದೆ ಸಿಟಿ ಮಾಡಿಸಿದ್ದಾರೆ, ಆ ಸಿಡಿಗಳು ಟ್ರಂಕಿನಲ್ಲೋ ಅಟ್ಟದಲ್ಲೋ ಬಿದ್ದಿರಬಹುದು. ಹುಡುಕಿ ತೆಗೆಯಿರಿ. ಸಿಗದಿದ್ದರೆ ತೆಗೆದ ಸೆಂಟರಿಗೆ ಹೆಸರು, ತಾರೀಖು ಹೇಳಿ ಕೇಳಿ, ಅವರ ಕಂಪ್ಯೂಟರಿನಲ್ಲಿ ಇನ್ನೂ ಇರುವ ಸಾಧ್ಯತೆ ಇದೆ.

ಫಿಲ್ಮ್ ಇಡುವ ರೀತಿಗೂ ಗಮನ ಬೇಕು. ಇಂದಿನ ಹೆಚ್ಚಿನ ಫಿಲ್ಮ್‌ಗಳಲ್ಲಿ ಚಿತ್ರ ಮೂಡುವುದೇ ಶಾಖದಿಂದ, ಆದ್ದರಿಂದ ಬಿಸಿಗೆ ಅವು ಕಪ್ಪಾಗುತ್ತವೆ. ರಾಯಚೂರಿನ ಬೇಸಿಗೆಯಲ್ಲಿ ತಗಡಿನ ಸೂರಿನ ಕೆಳಗೆ, ಒಲೆಯ ಹತ್ತಿರ, ಬಿಸಿಲಿಗೆ ನಿಂತ ಗಾಡಿಯಲ್ಲಿ ಇಟ್ಟರೆ ಕೆಡುತ್ತವೆ. ತಂಪಾದ ಗೋಡೆಯ ಪಕ್ಕ, ಮಡಿಸದೆ ಇಡಬೇಕು. ಮೊಬೈಲಿನಲ್ಲಿ ಹೊಡೆದ ಫೋಟೋ ನೆನಪಿಗೆ ಸರಿ, ಅಳತೆಗೆ ಸಾಲದು. ಫಿಲ್ಮ್ ಜೊತೆ ಸಿಡಿ ಅಥವಾ ಪೆನ್‌ಡ್ರೈವ್‌ನಲ್ಲಿ ಮೂಲ ಚಿತ್ರಗಳನ್ನೇ ಕೇಳಿ ಪಡೆಯಬೇಕು. ಇಡೀ ಸ್ಕ್ಯಾನಿನಲ್ಲಿ ನೂರಾರು ಪದರ ಇರುತ್ತವೆ, ಫಿಲ್ಮ್ ಮೇಲೆ ಅಚ್ಚಾಗುವುದು ಕೆಲವು ಮಾತ್ರ.

ಎಲ್ಲಿಗೆ ಹೋಗಬೇಕು, ಏನು ಕೇಳಬೇಕು

ಗಬ್ಬೂರಿನವರಿಗೆ ದಾರಿ ದೇವದುರ್ಗದ ತಾಲ್ಲೂಕು ಆಸ್ಪತ್ರೆಯಿಂದ ರಾಯಚೂರಿಗೆ. 2007ರಲ್ಲಿ ಶುರುವಾದ ರಿಮ್ಸ್ ಸರ್ಕಾರಿ ವೈದ್ಯಕೀಯ ಕಾಲೇಜು ಅಲ್ಲಿದೆ, ನವೋದಯ ಖಾಸಗಿ ಕಾಲೇಜು ಇದೆ. ಎದೆಯ ಶಸ್ತ್ರಕ್ರಿಯೆ ಬೇಕಾದವರಿಗೆ ಬೆಂಗಳೂರಿನಲ್ಲಿ ರಾಜೀವ್ ಗಾಂಧಿ ಎದೆರೋಗಗಳ ಸಂಸ್ಥೆ, ಕ್ಯಾನ್ಸರ್ ಅನುಮಾನ ಗಟ್ಟಿಯಾದರೆ ಕಿದ್ವಾಯಿ ಕ್ಯಾನ್ಸರ್ ಸಂಸ್ಥೆ. ಕಿದ್ವಾಯಿಯ ಕೇಂದ್ರ ಕಲಬುರಗಿಯಲ್ಲೂ ಇದೆ. ರಾಯಚೂರಿಗೆ ಏಮ್ಸ್ ಬೇಕೆಂದು 2022ರ ಮೇ ತಿಂಗಳಲ್ಲಿ ಜನ ಧರಣಿ ಕೂತದ್ದು ಸುಮ್ಮನೆ ಅಲ್ಲ: ಅಪರೂಪದ ಒಂದು ಗಡ್ಡೆಗೆ ಹೆಸರು ಸಿಗಲು ಕೂಲಿ ಬಿಟ್ಟು, ಊರು ಬಿಟ್ಟು ರಾತ್ರಿಯ ರೈಲು ಹತ್ತಬೇಕಾಗಿದೆ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುವುದರಿಂದ, ರೇಷನ್ ಕಾರ್ಡು, ಆಧಾರ್ ಜೊತೆ ಅದನ್ನೂ ರಾಯಚೂರಿನಲ್ಲೇ ಬರೆಸಿಕೊಂಡು ಹೋಗಬೇಕು. ಅಲ್ಲಿಗೆ ಹೋದ ಮೇಲೆ ನೆನೆದರೆ ಹೋದ ದಾರಿಯಲ್ಲೇ ವಾಪಸು.

ರಿಪೋರ್ಟು ಇಂಗ್ಲಿಷಿನಲ್ಲಿರುತ್ತದೆ, ಡಾಕ್ಟರಿಗೆ ಪುರಸೊತ್ತು ಕಡಿಮೆ. ಆದರೂ ಕೇಳಲು ಸಂಕೋಚ ಬೇಡ, ನಮ್ಮ ಮಾತಿನಲ್ಲೇ ಕೇಳಬಹುದು: ಸಾಹೇಬ್ರ, ಇದು ಪುಪ್ಪಸದ ಒಳಗ ಐತೋ ಹೊರಗ ಐತೋ? ಎಷ್ಟು ಮಿಲಿಮೀಟರ್ ಐತ್ರಿ? ಅದರಾಗ ಕೊಬ್ಬು, ಸುಣ್ಣ ಏನರ ಕಂಡೈತೇನ್ರಿ? ಹಳೇ ಫೋಟೋಕ್ಕ ಹೋಲಿಸಿ ನೋಡೀರೇನ್ರಿ? ಮುಂದಿನ ಸ್ಕ್ಯಾನ್ ಯಾವಾಗ್ರಿ? ಕೊನೆಯ ಪ್ರಶ್ನೆಯ ಉತ್ತರವನ್ನು ಚೀಟಿಯ ಮೇಲೆ ಬರೆಸಿಕೊಳ್ಳಬೇಕು.

ಸುಮಾರು ಆರು ಮಿಲಿಮೀಟರ್‌ಗಿಂತ ಚಿಕ್ಕ ಗಟ್ಟಿ ಗಂಟಿಗೆ, ಬೀಡಿ ಸೇದದವರಲ್ಲಿ, ಸಾಮಾನ್ಯವಾಗಿ ಮತ್ತೆ ಸ್ಕ್ಯಾನ್ ಬೇಡ. ಆರರಿಂದ ಎಂಟರದ್ದಕ್ಕೆ ಆರು ತಿಂಗಳಿಂದ ಒಂದು ವರ್ಷದೊಳಗೆ ಒಂದು. ಎಂಟು ಮೀರಿದ್ದಕ್ಕೆ ಮೂರು ತಿಂಗಳಲ್ಲೇ, ಇಲ್ಲವೇ ಪೆಟ್ ಅಥವಾ ಸೂಜಿ. ಮೂರು ಸೆಂಟಿಮೀಟರ್ ಮೀರಿದ್ದನ್ನು ಕಾದು ನೋಡುವುದು ಸರಿಯಲ್ಲ, ಕೂಡಲೇ ಪತ್ತೆಹಚ್ಚಬೇಕು. ಕಫದಲ್ಲಿ ರಕ್ತ, ಕಾರಣವಿಲ್ಲದೆ ಮೈ ಇಳಿಯುವುದು, ಧ್ವನಿ ಒಡೆಯುವುದು, ಮುಖ ಮತ್ತು ಕುತ್ತಿಗೆ ಊದುವುದು, ಕಾಲಿನ ಬಲ ಕುಗ್ಗುವುದು, ಇವುಗಳಲ್ಲಿ ಯಾವುದು ಬಂದರೂ ಬರೆದುಕೊಟ್ಟ ತಾರೀಖಿಗೆ ಕಾಯಬಾರದು. ಏನೂ ಇಲ್ಲದವರ ತಾರೀಖು ಹತ್ತಿ ಬಿಡಿಸುವ ದಿನಗಳಲ್ಲೋ ಭತ್ತದ ಕೊಯ್ಲಿನಲ್ಲೋ ಬಿದ್ದರೆ, ತಪ್ಪಿಸುವ ಬದಲು ಒಂದೆರಡು ವಾರ ಹಿಂದೆಮುಂದೆ ಮಾಡಿಕೊಡಿ ಎಂದು ಮೊದಲೇ ಕೇಳಿ. ಆಗುವ ಮಟ್ಟಿಗೆ ಅದೇ ಸೆಂಟರಿನಲ್ಲಿ, ಅದೇ ಯಂತ್ರದಲ್ಲಿ, ಕಡಿಮೆ ವಿಕಿರಣದ, ಔಷಧಿ ಹಾಕದ ಸಿಟಿ ಮಾಡಿಸಿ, ಹೋಗುವಾಗ ಹಿಂದಿನ ಸಿಡಿಯನ್ನು ಜೊತೆಗೊಯ್ದು ಸ್ಕ್ಯಾನ್ ಕೋಣೆಯವರ ಕೈಗೇ ಕೊಡಿ.